ಗೂಡಿನ ಲೆಕ್ಕ, ಅಪ್ಪನ ಕೈಲೆಕ್ಕ

ಪ್ರಶ್ನೆ:

ಸರ್, ನಮ್ಮೂರು ಮಾಗಡಿ ತಾಲ್ಲೂಕಿನ ಕಲ್ಯ. ನನಗೆ 24 ವರ್ಷ. ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ಅಪ್ಪನ ಜೊತೆಯಲ್ಲೇ ಇದ್ದೇನೆ. ಅಪ್ಪ ರೀಲರ್, ಅಂದರೆ ರೇಷ್ಮೆ ಗೂಡಿನಿಂದ ನೂಲು ಬಿಚ್ಚಿಸುವವರು. ಎಂಟು ಬೇಸಿನ್ನಿನ ಸಣ್ಣ ಘಟಕ, ಗೂಡು ತರುವುದು ರಾಮನಗರ ಮಾರ್ಕೆಟ್ಟಿನಿಂದ. ಲೆಕ್ಕಪತ್ರ, ಬ್ಯಾಂಕು, ಕೂಲಿ ಬಟವಾಡೆ ನನ್ನದು. ಗೂಡು ಆರಿಸಿ ಕೂಗುವುದು ಅಪ್ಪನದು. ಕಳೆದ ವರ್ಷ ಆರು ತಿಂಗಳಲ್ಲಿ ನಾಲ್ಕು ತಿಂಗಳು ಕೈಸುಟ್ಟುಕೊಂಡೆವು. ಯಾಕೆ ಹೀಗಾಯಿತು ಎಂದರೆ ಅಪ್ಪ ‘ಗೂಡು ಸರಿಯಾಗಿ ಬಿಚ್ಚಲಿಲ್ಲ’ ಎನ್ನುತ್ತಾರೆ, ಅಷ್ಟೆ.

ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಬಿಸಿನೆಸ್ ಅನಲಿಟಿಕ್ಸ್ ಕೋರ್ಸ್ ಇದೆ. 11 ತಿಂಗಳು, ಶುಲ್ಕ 1 ಲಕ್ಷ 80 ಸಾವಿರ. ಸ್ಟ್ಯಾಟಿಸ್ಟಿಕ್ಸ್, ಆಪ್ಟಿಮೈಸೇಷನ್, ಎಐ ಎಲ್ಲ ಕಲಿಸುತ್ತಾರಂತೆ. ಯಾವ ವ್ಯಾಪಾರದ ನಿರ್ಧಾರವನ್ನಾದರೂ ಕರಾರುವಾಕ್ಕಾಗಿ ಹೇಳಬಹುದು, ಬೆಲೆ ಏರುತ್ತದೋ ಇಳಿಯುತ್ತದೋ ಮೊದಲೇ ಗೊತ್ತಾಗುತ್ತದೆ ಎಂದರು. ಸೀಟು ಹಿಡಿದಿಡಲು 5,000 ಕಟ್ಟಿದ್ದೇನೆ. ಬರುವ 20ನೇ ತಾರೀಖಿನೊಳಗೆ ಬೇಡವೆಂದರೆ ಅದು ವಾಪಸ್. ಅಪ್ಪನಿಗೆ ಹೇಳಿದಾಗ ‘ಗೂಡು ಕೈಗೆ ಮಾತಾಡುತ್ತೆ ಕಣವ್ವ, ಕಂಪ್ಯೂಟರಿಗೆ ಮಾತಾಡಲ್ಲ’ ಎಂದು ಎದ್ದುಹೋದರು. ಚನ್ನಪಟ್ಟಣದಲ್ಲಿ ಸೋದರಮಾವ ಆಟಿಕೆ ಮಾಡಿಸುತ್ತಾರೆ. ಅವರು ಮಾತ್ರ ‘ಕಲ್ತ್ಕೊಂಡು ಬಾ, ನನಗೂ ಹೇಳ್ಕೊಡು’ ಎನ್ನುತ್ತಿದ್ದಾರೆ. ನನಗೋ ಗಣಿತ ಎಂದರೆ ಭಯ. ಎಸ್ಸೆಸ್ಸೆಲ್ಸಿಯಲ್ಲಿ 41 ಅಂಕ. ಪಿಯುಸಿಯಲ್ಲಿ ಸಂಖ್ಯಾಶಾಸ್ತ್ರ ಬೇಡವೆಂದೇ ಇತಿಹಾಸದ ಕಾಂಬಿನೇಷನ್ ತೆಗೆದುಕೊಂಡವಳು ನಾನು. ಸೇರಲೇ, ಬಿಡಲೇ?

— ಹೆಸರು ಬೇಡ, ಕಲ್ಯ

ಉತ್ತರ:

ಸೇರಬೇಡಿ. ಈಗಂತೂ ಬೇಡವೇ ಬೇಡ. ಕಲಿಯಿರಿ, ಆದರೆ ಆ ದುಡ್ಡಿನಲ್ಲಿ ಅಲ್ಲ. ಯಾಕೆಂದು ಹೇಳಲು ನನಗೆ ಸ್ವಲ್ಪ ಜಾಗ ಬೇಕು. ಇಪ್ಪತ್ತೆಂಟು ವರ್ಷ ಸಂಖ್ಯಾಶಾಸ್ತ್ರದ ಮೇಷ್ಟ್ರಾಗಿದ್ದವನಿಗೆ ಎರಡು ಸಾಲಿನಲ್ಲಿ ಮುಗಿಸಲು ಬರುವುದಿಲ್ಲ.

ನೀವು ‘ಕೂಗುವುದು’ ಎಂದು ಬರೆದದ್ದು ನೋಡಿ ಖುಷಿಯಾಯಿತು. ಹರಾಜು ಮೊಬೈಲಿಗೆ ಬಂದು ವರ್ಷಗಳಾದರೂ ಮಾತಿನಲ್ಲಿ ಇನ್ನೂ ಕೂಗು ಉಳಿದಿದೆ. ಆ ಮಾರ್ಕೆಟ್ಟಿನಲ್ಲಿ ನಿಮ್ಮ ಅಪ್ಪ ಏನು ಮಾಡುತ್ತಾರೆ ಎಂಬುದನ್ನು ಒಂದು ಸಲ ಪಕ್ಕದಲ್ಲಿ ನಿಂತು ನೋಡಿ. ಜಾಲರಿಯಲ್ಲಿ ಹರವಿದ ಗೂಡಿನೊಳಕ್ಕೆ ಕೈ ಇಳಿಸುತ್ತಾರೆ. ಒಂದು ಹಿಡಿ ಎತ್ತಿ ಹೆಬ್ಬೆರಳಲ್ಲಿ ಒತ್ತಿ ಗಟ್ಟಿಯೋ ಮೆದುವೋ ನೋಡುತ್ತಾರೆ. ಒಂದೆರಡನ್ನು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗಿನ ಹುಳು ಸತ್ತಿದ್ದರೆ, ಕೊಳೆತಿದ್ದರೆ ಸದ್ದೇ ಬೇರೆ. ಅನುಮಾನ ಬಂದರೆ ಒಂದನ್ನು ಕತ್ತರಿಸಿ ನೋಡುತ್ತಾರೆ. ಆಮೇಲೆ ಮನಸ್ಸಿನಲ್ಲೇ ‘ಇದು ಏಳೂವರೆ ಬರುತ್ತೆ’ ಎಂದುಕೊಂಡು ದರ ಒತ್ತುತ್ತಾರೆ. ಏಳೂವರೆ ಎಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ, ಉಳಿದ ಓದುಗರಿಗಾಗಿ ಹೇಳುತ್ತೇನೆ: ಒಂದು ಕಿಲೋ ನೂಲು ತೆಗೆಯಲು ಎಷ್ಟು ಕಿಲೋ ಗೂಡು ಬೇಕು ಎಂಬ ಲೆಕ್ಕ. ರೆಂಡಿಟ್ಟಾ ಎನ್ನುತ್ತಾರೆ. ಮಿಶ್ರತಳಿ ಗೂಡಿನಲ್ಲಿ ಏಳೆಂಟರ ಆಸುಪಾಸು, ಒಳ್ಳೆಯ ಬೈವೋಲ್ಟೀನ್ (ದ್ವಿತಳಿ) ಗೂಡಾದರೆ ಆರು, ಆರೂವರೆ.

ರಾಶಿಯಿಂದ ಹಿಡಿಯಷ್ಟು ತೆಗೆದು, ಆ ಹಿಡಿಯನ್ನು ನೋಡಿ ಇಡೀ ರಾಶಿಯ ಗುಣ ಅಂದಾಜು ಮಾಡಿ, ಆ ಅಂದಾಜಿನ ಮೇಲೆ ದುಡ್ಡು ಹೂಡುವುದು. ನಾನು ತರಗತಿಯಲ್ಲಿ ಸ್ಯಾಂಪ್ಲಿಂಗ್, ಎಸ್ಟಿಮೇಷನ್, ಡಿಸಿಷನ್ ಎಂದು ಮೂರು ಅಧ್ಯಾಯ ಮಾಡಿ ಹೇಳುತ್ತಿದ್ದುದು ಇದನ್ನೇ. ಅಪ್ಪನಿಗೆ ಸಂಖ್ಯಾಶಾಸ್ತ್ರ ಬರುತ್ತದೆ ತಾಯಿ. ಅವರಿಗೆ ಗೊತ್ತಿಲ್ಲದ್ದು ಒಂದೇ ಒಂದು: ತಮ್ಮ ಅಂದಾಜು ಎಷ್ಟು ತಪ್ಪುತ್ತದೆ, ಯಾವ ಕಡೆಗೆ ತಪ್ಪುತ್ತದೆ. ಅದನ್ನು ಅವರು ಬರೆದಿಟ್ಟಿಲ್ಲ. ಬರೆದಿಡದವರ ನೆನಪಿನಲ್ಲಿ ಚೆನ್ನಾಗಿ ಬಿಚ್ಚಿದ ಲಾಟುಗಳು ಉಳಿಯುತ್ತವೆ, ಕೈಕೊಟ್ಟವು ‘ಆ ದಿನ ನೀರು ಸರಿಯಿರಲಿಲ್ಲ’ ಎಂಬ ಕಾರಣದೊಳಗೆ ಕರಗಿಹೋಗುತ್ತವೆ. ಇದು ನಿಮ್ಮ ಅಪ್ಪನೊಬ್ಬರ ದೋಷವಲ್ಲ, ಪರೀಕ್ಷೆಯ ಫಲಿತಾಂಶದ ಬಗ್ಗೆ ಮೇಷ್ಟ್ರುಗಳೂ ಹೀಗೇ.

ಹಾಗಾಗಿ ನಿಮ್ಮ ಮೊದಲ ಪಾಠದ ಖರ್ಚು ಒಂದು ಉದ್ದನೆಯ ಲೆಕ್ಕದ ಪುಸ್ತಕ. ಲಾಟಿಗೊಂದು ಸಾಲು. ತಾರೀಖು, ತಳಿ, ಯಾವ ಕಡೆಯ ಗೂಡು, ತೂಕ, ದರ. ಮುಂದಿನ ಕಾಲಂ ಮುಖ್ಯ: ಹರಾಜಿಗೆ ಮುಂಚೆ ಅಪ್ಪ ಹೇಳಿದ ರೆಂಡಿಟ್ಟಾ. ಕೊನೆಯ ಕಾಲಂ: ಬಿಚ್ಚಿದ ಮೇಲೆ ನಿಜವಾಗಿ ಬಂದದ್ದು. ತೂಕವನ್ನು ಮಾರ್ಕೆಟ್ಟಿನ ತಕ್ಕಡಿಯದ್ದೇ ಬರೆಯಿರಿ, ಘಟಕಕ್ಕೆ ತಂದು ಮಾರನೆಯ ದಿನ ತೂಗಿದರೆ ಗೂಡು ಆರಿ ತೂಕ ಇಳಿದಿರುತ್ತದೆ. ಲಾಟುಗಳನ್ನು ಬೆರೆಸಿ ಬೇಯಿಸಿದರೆ ಲೆಕ್ಕವೂ ಬೆರೆಯಿತು, ಅದಕ್ಕೆ ಅರ್ಥವಿಲ್ಲ. ಎರಡು ತಿಂಗಳು ಲಾಟು ಬೆರೆಸದೆ ಬಿಚ್ಚಿಸುವುದಕ್ಕೆ ಅಪ್ಪನನ್ನು ಒಪ್ಪಿಸುವುದೇ ಈ ಇಡೀ ಕೆಲಸದಲ್ಲಿ ಕಷ್ಟದ ಭಾಗ ಎಂದು ನನ್ನ ಊಹೆ.

ಇಂಥ ಪುಸ್ತಕದ ಹತ್ತು ಸಾಲು ಹೇಗೆ ಮಾತಾಡುತ್ತವೆ ನೋಡಿ. ಅಂಕಿಗಳು ನಾನು ಉದಾಹರಣೆಗೆ ಹಾಕಿಕೊಂಡವು, ನಿಮ್ಮವು ಬೇರೆ ಇರುತ್ತವೆ. ಹತ್ತು ಲಾಟಿನ ರೆಂಡಿಟ್ಟಾ ಹೀಗಿದೆ ಎನ್ನೋಣ: 7.2, 7.6, 7.4, 8.1, 7.3, 7.5, 7.9, 7.4, 7.1, 8.0. ಕೂಡಿದರೆ 75.5, ಸರಾಸರಿ 7.55. ಅಪ್ಪನ ‘ಏಳೂವರೆ’ ಸರಿಯಾಗಿಯೇ ಇದೆ! ನೂಲಿನ ಬೆಲೆ ಕಿಲೋಗೆ 4,800, ಕೂಲಿ, ಸೌದೆ, ಕರೆಂಟು ಸೇರಿ ಕಿಲೋ ನೂಲಿಗೆ 700 ಖರ್ಚು, ಹುಳು ಮತ್ತು ರೇಷ್ಮೆ ತ್ಯಾಜ್ಯ ಮಾರಿ ವಾಪಸ್ ಬರುವುದು 250 ಎಂದಿಟ್ಟುಕೊಳ್ಳಿ. ಅಂದರೆ ಗೂಡಿಗೆ ಕೊಡಬಹುದಾದದ್ದು ಕಿಲೋ ನೂಲಿಗೆ 4,350. ಗೂಡು 550ಕ್ಕೆ ಸಿಕ್ಕಿದರೆ ಸರಾಸರಿ ಲಾಭ 197 ರೂಪಾಯಿ ಚಿಲ್ಲರೆ. ರೆಂಡಿಟ್ಟಾ 7.9 ದಾಟಿದರೆ ನಷ್ಟ. ಹತ್ತರಲ್ಲಿ ಎರಡು ಲಾಟು ದಾಟಿವೆ, ಒಂದು ಗೆರೆಯ ಮೇಲೆ ಕೂತಿದೆ.

ಈಗ ಅದೇ ಹತ್ತು ಲಾಟು, ಹರಾಜಿನ ಬಿಸಿಯಲ್ಲಿ ಬೆರಳು ಇನ್ನೆರಡು ಸಲ ಒತ್ತಿ 570 ಆಯಿತು ಎನ್ನಿ. ಬರೀ ಇಪ್ಪತ್ತು ರೂಪಾಯಿ. ಸರಾಸರಿ ಲಾಭ 197ರಿಂದ 46ಕ್ಕೆ ಬಿತ್ತು. 75 ಕಿಲೋ ಗೂಡಿನ ಲಾಟಿನಲ್ಲಿ ಸುಮಾರು ಹತ್ತು ಕಿಲೋ ನೂಲು ಬರುತ್ತದೆ. ಎರಡು ಸಾವಿರದ ಹತ್ತಿರ ಉಳಿಯಬೇಕಾದ ಕಡೆ ಐನೂರೂ ಉಳಿಯಲಿಲ್ಲ. 580 ಆದರೆ ಗಂಟೇ ಹೋಯಿತು. ಗೂಡು ಸರಿಯಾಗಿ ಬಿಚ್ಚಲಿಲ್ಲ ಎಂದು ಅಪ್ಪ ಹೇಳುವ ತಿಂಗಳಲ್ಲಿ ಗೂಡು ಎಂದಿನಂತೆಯೇ ಬಿಚ್ಚಿರಬಹುದು, ದರ ಒತ್ತಿದ ಬೆರಳು ಮಾತ್ರ ಮುಂದೆ ಹೋಗಿರಬಹುದು. ಯಾವುದು ನಿಜ ಎಂದು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ, ಆ ಪುಸ್ತಕಕ್ಕೆ ಮಾತ್ರ ಗೊತ್ತಾಗುತ್ತದೆ.

ಸರಾಸರಿಯ ಜೊತೆಗೆ ಇನ್ನೊಂದು ಅಂಕಿ ಕಲಿಯಿರಿ: ಲಾಟುಗಳು ಸರಾಸರಿಯಿಂದ ಎಷ್ಟು ಆಚೀಚೆ ಓಡುತ್ತವೆ ಎಂಬುದು. ಮಾನಕ ವಿಚಲನೆ ಎಂಬ ದೊಡ್ಡ ಹೆಸರು ಅದಕ್ಕೆ. ಮೇಲಿನ ಹತ್ತಕ್ಕೆ ಅದು 0.34. ಏಳು ಲಾಟು 7.2ರಿಂದ 7.9ರ ನಡುವೆ ಬಿದ್ದಿವೆ, ಮೂರು ಹೊರಗೆ. ಸರಾಸರಿ ಒಂದೇ ಇರುವ ಇಬ್ಬರು ರೀಲರುಗಳಲ್ಲಿ ಈ ಅಂಕಿ ಚಿಕ್ಕದಿದ್ದವನು ಧೈರ್ಯವಾಗಿ ಸಾಲ ಮಾಡಬಹುದು, ದೊಡ್ಡದಿದ್ದವನು ಕೈಯಲ್ಲಿ ನಗದು ಇಟ್ಟುಕೊಂಡಿರಬೇಕು. ಇದನ್ನು ಮೊಬೈಲಿನ ಎಕ್ಸೆಲ್ಲೇ ಹಾಕಿಕೊಡುತ್ತದೆ. 41 ಅಂಕಕ್ಕೂ ಇದಕ್ಕೂ ಸಂಬಂಧವಿಲ್ಲ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು, ಒಂದು ವರ್ಗಮೂಲ, ಇಷ್ಟೇ ಇದರಲ್ಲಿರುವುದು. ಪ್ರತಿ ವಾರ ಬಟವಾಡೆಯ ಲೆಕ್ಕ ಒಬ್ಬರೇ ಕೂತು ತಾಳೆ ಮಾಡುವವರಿಗೆ ಇದು ಯಾವ ಲೆಕ್ಕ?

ಹರಾಜಿನಲ್ಲಿ ಇನ್ನೊಂದು ಒಳಸುಳಿ ಇದೆ, ನಾನು ತಡವಾಗಿ ಕಲಿತದ್ದು. ಒಂದೇ ಜಾಲರಿಯನ್ನು ಹತ್ತು ಜನ ಮುಟ್ಟಿ ನೋಡುತ್ತಾರೆ. ಒಬ್ಬ 7.8 ಎಂದುಕೊಳ್ಳುತ್ತಾನೆ, ಒಬ್ಬ 7.5, ಒಬ್ಬ 7.1. ಗೆಲ್ಲುವವನು ಯಾರು? ಗೂಡು ಎಲ್ಲರಿಗಿಂತ ಒಳ್ಳೆಯದೆಂದು ಅಂದಾಜು ಮಾಡಿದವನು, ಅಂದರೆ ಆಸೆಯ ಕಡೆಗೆ ಎಲ್ಲರಿಗಿಂತ ಹೆಚ್ಚು ವಾಲಿದವನು. 1971ರಲ್ಲಿ ಅಮೆರಿಕದ ಅಟ್ಲಾಂಟಿಕ್ ರಿಚ್‌ಫೀಲ್ಡ್ ತೈಲ ಕಂಪನಿಯ ಮೂವರು ಎಂಜಿನಿಯರುಗಳು, ಕೇಪನ್, ಕ್ಲ್ಯಾಪ್ ಮತ್ತು ಕ್ಯಾಂಬೆಲ್, ಇದನ್ನು ಬರೆದರು. ಮೆಕ್ಸಿಕೊ ಕೊಲ್ಲಿಯಲ್ಲಿ ಸಮುದ್ರದಡಿಯ ಎಣ್ಣೆಗಾಗಿ ಹರಾಜು ಗೆದ್ದ ಕಂಪನಿಗಳು ಯಾಕೆ ಅಂದುಕೊಂಡಷ್ಟು ಲಾಭ ಕಾಣಲಿಲ್ಲ ಎಂಬ ಪ್ರಶ್ನೆ ಅವರದು. ಗೆದ್ದವನ ಶಾಪ ಎಂದು ಈಗ ಅದಕ್ಕೆ ಹೆಸರು. ಎಣ್ಣೆಗೂ ಗೂಡಿಗೂ ಇದರಲ್ಲಿ ವ್ಯತ್ಯಾಸವಿಲ್ಲ: ಒಳಗೇನಿದೆ ಎಂದು ಕೊಳ್ಳುವವರೆಗೆ ಯಾರಿಗೂ ಗೊತ್ತಿಲ್ಲ.

ಅದಕ್ಕೇ ಅಪ್ಪನ ಅಂದಾಜಿನ ಕಾಲಂ ಬೇಕು ಎಂದದ್ದು. ಮೂವತ್ತು ಲಾಟು ಆದಮೇಲೆ ಅವರ ಅಂದಾಜಿನ ಸರಾಸರಿ 7.3, ನಿಜವಾಗಿ ಬಂದದ್ದು 7.55 ಎಂದು ಕಂಡರೆ, ಅವರ ಕೈ ಸುಳ್ಳು ಹೇಳುತ್ತಿಲ್ಲ, ಕಾಲು ಕಿಲೋ ಆಸೆ ಮಾತ್ರ ಸೇರಿಸಿ ಹೇಳುತ್ತಿದೆ ಎಂದರ್ಥ. ಮುಂದಿನ ಸಲ ಕೈ ಹೇಳಿದ್ದಕ್ಕೆ ಕಾಲು ಕಿಲೋ ಸೇರಿಸಿ ದರ ಒತ್ತಿದರಾಯಿತು. 550ರ ಗೂಡಿಗೆ ಅದು ಕಿಲೋ ನೂಲಿಗೆ 137 ರೂಪಾಯಿ. ಕೈಯೂ ಉಳಿಯಿತು, ಕಾಸೂ ಉಳಿಯಿತು.

ಕತ್ತರಿಸಿ ನೋಡುವ ವಿಷಯಕ್ಕೆ ಬರುತ್ತೇನೆ. ಹತ್ತು ಗೂಡು ಕತ್ತರಿಸಿ ಒಂದು ಕೆಟ್ಟದ್ದು ಸಿಕ್ಕಿದರೆ ‘ನೂರಕ್ಕೆ ಹತ್ತು ಕೆಟ್ಟದ್ದು’ ಎನ್ನುತ್ತೇವೆ. ಲೆಕ್ಕ ಹಾಕಿದರೆ, ಹತ್ತರಲ್ಲಿ ಒಂದು ಕೆಟ್ಟದ್ದು ಸಿಕ್ಕ ರಾಶಿಯಲ್ಲಿ ನಿಜವಾಗಿ ಶೇ 1ಕ್ಕಿಂತ ಕಡಿಮೆ ಕೆಟ್ಟದ್ದಿರಲೂಬಹುದು, ಶೇ 44 ಇರಲೂಬಹುದು. ಹತ್ತು ಗೂಡು ಹೇಳುವುದು ಅಷ್ಟೇ. ಐವತ್ತು ಕತ್ತರಿಸಿ ಐದು ಕೆಟ್ಟದ್ದು ಸಿಕ್ಕಿದರೆ ಆ ಅಂತರ ಶೇ 3ರಿಂದ 22ಕ್ಕೆ ಇಳಿಯುತ್ತದೆ. ಆದರೆ ಐವತ್ತು ಗೂಡು ಕತ್ತರಿಸಲು ರೈತ ಬಿಡುತ್ತಾನೆಯೇ? ಬಿಡಬಾರದು ಕೂಡ. ಇದು ನಿಮ್ಮ ಮಾರ್ಕೆಟ್ಟಿನದ್ದಷ್ಟೇ ತೊಂದರೆಯಲ್ಲ. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಗಾಸೆಟ್ ಎಂಬಾತ ಬಾರ್ಲಿಯ ಕೆಲವೇ ಕೆಲವು ಮಾದರಿಗಳಿಂದ ತೀರ್ಮಾನಕ್ಕೆ ಬರಬೇಕಾಗಿ ಬಂದು, 1908ರಲ್ಲಿ ಸಣ್ಣ ಮಾದರಿಗಳ ಲೆಕ್ಕವನ್ನು ಪ್ರಕಟಿಸಿದ. ಸಿಬ್ಬಂದಿ ತಮ್ಮ ಹೆಸರಿನಲ್ಲಿ ಬರೆಯುವುದನ್ನು ಕಾರ್ಖಾನೆ ಒಪ್ಪುತ್ತಿರಲಿಲ್ಲವಾದ್ದರಿಂದ ‘ಸ್ಟೂಡೆಂಟ್’ ಎಂಬ ಹೆಸರಿಟ್ಟುಕೊಂಡ. ಇವತ್ತಿಗೂ ಪಠ್ಯಪುಸ್ತಕದಲ್ಲಿ ಅದು ಸ್ಟೂಡೆಂಟನ ಟಿ-ಪರೀಕ್ಷೆ. ವ್ಯಾಪಾರದ ತೊಂದರೆಯಿಂದಲೇ ಹುಟ್ಟಿದ ಶಾಸ್ತ್ರ ಇದು, ಆಕಾಶದಿಂದ ಇಳಿದದ್ದಲ್ಲ. ಒಂದು ಪುಕ್ಕಟೆ ಸಲಹೆ ಇಲ್ಲಿಯೇ: ಅಪ್ಪ ಹಿಡಿ ಎತ್ತುವುದು ಮೇಲಿನಿಂದಲೋ, ತಳದಿಂದಲೋ ನೋಡಿ. ಮೇಲೆ ಹರವಿದ್ದು ಯಾವತ್ತೂ ಚೆಂದವೇ ಇರುತ್ತದೆ.

ಬೇಸಿನ್ನಿನ ಮುಂದೆ ಕೂರುವ ಹೆಂಗಸರ ಲೆಕ್ಕವನ್ನು ಈ ಪುಸ್ತಕಕ್ಕೆ ತರಬೇಡಿ, ಕನಿಷ್ಠ ಮೊದಲ ವರ್ಷ. ಯಾರ ಬೇಸಿನ್ನಿನಲ್ಲಿ ಎಷ್ಟು ಬಂತು ಎಂದು ಬರೆದರೆ ಅಂಕಿ ಬರುತ್ತದೆ ನಿಜ. ಆದರೆ ಯಾರಿಗೆ ಯಾವ ಲಾಟಿನ ಗೂಡು ಬಿತ್ತು, ಯಾರ ನೀರು ಎಷ್ಟು ಬಿಸಿಯಿತ್ತು ಎಂಬುದು ಆ ಅಂಕಿಯೊಳಗೆ ಸೇರಿಹೋಗಿರುತ್ತದೆ, ಬೈಗುಳ ಮಾತ್ರ ಒಬ್ಬಳಿಗೆ ಬೀಳುತ್ತದೆ.

ಲೆಕ್ಕ ನಂಬಿ ಕೆಟ್ಟ ನನ್ನದೇ ಕಥೆ ಹೇಳಿಬಿಡುತ್ತೇನೆ. ಕನಕಪುರದ ಕಡೆ ನಮ್ಮ ಚಿಕ್ಕಪ್ಪ ಹಿಪ್ಪುನೇರಳೆ ಬೆಳೆದು ಹುಳು ಸಾಕುತ್ತಿದ್ದರು. ಆಗಷ್ಟೇ ಕೆಲಸಕ್ಕೆ ಸೇರಿದ್ದ ನಾನು ಒಂದು ವರ್ಷದ ಮಾರುಕಟ್ಟೆ ದರ ಬರೆದುಕೊಂಡು, ವಾರದ ಯಾವ ದಿನ ಸರಾಸರಿ ಹೆಚ್ಚು ಎಂದು ಚಾರ್ಟು ಮಾಡಿದ್ದೆ. ಗೂಡು ಬಿಡಿಸಿ ಆಗಿತ್ತು. ‘ನಾಲ್ಕು ದಿನ ತಡೀರಿ, ಗುರುವಾರ ರೇಟು ಬರುತ್ತೆ’ ಎಂದೆ. ಓದಿದ ಹುಡುಗನ ಮಾತು ಎಂದು ತಡೆದರು. ದಿನಕ್ಕಿಷ್ಟು ತೂಕ ಇಳಿಯಿತು. ಗುರುವಾರ ಬೆಳಿಗ್ಗೆ ಚೀಲ ಬಿಚ್ಚಿದರೆ ಒಳಗೆ ಚಿಟ್ಟೆಗಳು ಏಳುತ್ತಿದ್ದವು. ಚಿಟ್ಟೆ ತೂತು ಕೊರೆದು ಹೊರಬಂದ ಗೂಡಿನಲ್ಲಿ ನೂಲು ಬಿಚ್ಚಲು ಬರುವುದಿಲ್ಲ. ನನ್ನ ಚಾರ್ಟಿನಲ್ಲಿ ಎಲ್ಲ ಇತ್ತು, ಗೂಡಿನೊಳಗೆ ಜೀವವಿದೆ ಎಂಬುದೊಂದು ಇರಲಿಲ್ಲ. ಚಿಕ್ಕಪ್ಪ ಏನೂ ಅನ್ನಲಿಲ್ಲ. ಚಿಕ್ಕಮ್ಮ ಮಾತ್ರ ಊಟಕ್ಕೆ ಬಡಿಸುವಾಗ ‘ಮೇಷ್ಟ್ರೇ, ಗುರುವಾರ ಬಂತಾ?’ ಎಂದರು. ಈಗಲೂ ಹಬ್ಬಕ್ಕೆ ಹೋದರೆ ಅದೇ ಪ್ರಶ್ನೆ.

ಆಪ್ಟಿಮೈಸೇಷನ್ ಎಂಬುದಕ್ಕೆ ಕನ್ನಡದಲ್ಲಿ ಚೆಂದದ ಮಾತು ಬೇಕಾದರೆ ‘ಇರುವುದರಲ್ಲಿ ತೂಗಿಸುವುದು’ ಎನ್ನಬಹುದು. ಯಾವುದಕ್ಕೆ ಕಟ್ಟುಪಾಡು ಇದೆ ಎಂದು ಮೊದಲು ಬರೆಯುವುದು, ಆಮೇಲೆ ಉಳಿದದ್ದರಲ್ಲಿ ಒಳ್ಳೆಯದನ್ನು ಹುಡುಕುವುದು. ಆ ಕಟ್ಟುಪಾಡನ್ನೇ ನಾನು ಬಿಟ್ಟಿದ್ದೆ. ನಿಮ್ಮೂರಿನವರಿಗೆ ಇದು ಹೊಸದಾಗಬಾರದು. ಜೈನರು ಮತ್ತು ಶ್ರೀವೈಷ್ಣವರ ನಡುವಿನ ತಂಟೆಯನ್ನು ಬುಕ್ಕರಾಯ ತೀರಿಸಿದ 1368ರ ಶಾಸನ ಕಲ್ಯದಲ್ಲೂ ಇದೆ, ಶ್ರವಣಬೆಳಗೊಳದಲ್ಲೂ ಇದೆ. ಬೆಳಗೊಳದ ಶಾಸನದಲ್ಲಿ ಹಣಕಾಸಿನ ಏರ್ಪಾಡೂ ಉಂಟು: ಜೈನರ ಮನೆಗೊಂದರಂತೆ ವರ್ಷಕ್ಕೊಂದು ಹಣ ಎತ್ತಬೇಕು, ಮೊದಲು ದೇವರ ಕಾವಲಿಗೆ ಇಪ್ಪತ್ತು ಜನರನ್ನು ಇಡಬೇಕು, ಮಿಕ್ಕದ್ದರಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಬಳಿಸಬೇಕು. ಆಗಲೇಬೇಕಾದದ್ದು ಮೊದಲು, ತೂಗಿಸುವುದು ಆಮೇಲೆ.

ಸೋದರಮಾವನ ಘಟಕಕ್ಕೆ ಇದು ಇವತ್ತೇ ಉಪಯೋಗಕ್ಕೆ ಬರುತ್ತದೆ, ಕೋರ್ಸೂ ಬೇಡ. ಅವರನ್ನು ಒಂದು ಪ್ರಶ್ನೆ ಕೇಳಿ: ನಿಮ್ಮಲ್ಲಿ ಯಾವುದಕ್ಕೆ ಅಭಾವ, ಆಲೆ ಮರಕ್ಕೋ, ಅರಗಿಗೋ, ಲೇತಿನ ಹೊತ್ತಿಗೋ? ಲೇತಿನ ಹೊತ್ತಿಗೆ ಎಂದರೆನ್ನಿ. ಒಂದು ಗಿಲಕಿ ತಿರುಗಿಸಿ ಬಣ್ಣ ಹಿಡಿಸಲು 12 ನಿಮಿಷ, ಲಾಭ 20 ರೂಪಾಯಿ. ಬಳೆ ಜೋಡಿಸುವ ಆಟಿಕೆಗೆ 30 ನಿಮಿಷ, ಲಾಭ 45. ‘45 ಬರೋದನ್ನೇ ಮಾಡೋಣ’ ಎನ್ನುತ್ತಾರೆ ಮಾವ. ನಿಮಿಷಕ್ಕೆ ಭಾಗಿಸಿದರೆ ಗಿಲಕಿ 1 ರೂಪಾಯಿ 67 ಪೈಸೆ ದುಡಿಯುತ್ತದೆ, ಬಳೆ ಆಟಿಕೆ ಒಂದೂವರೆ. ವಾರಕ್ಕೆ 48 ಗಂಟೆ ಲೇತ್ ಓಡಿದರೆ ಬರೀ ಗಿಲಕಿಯಿಂದ 4,800, ಬರೀ ಬಳೆಯಿಂದ 4,320. ಅಂಗಡಿಯವರು ಬಳೆ ಆಟಿಕೆ 30 ಆದರೂ ಬೇಕೇ ಬೇಕು ಎಂದರೆ ಅದಕ್ಕೆ 900 ನಿಮಿಷ ತೆಗೆದಿಟ್ಟು, ಉಳಿದದ್ದಕ್ಕೆ 165 ಗಿಲಕಿ, ಒಟ್ಟು 4,650. ಇದರಲ್ಲೇ ಇನ್ನೊಂದು ಉತ್ತರ ಅಡಗಿದೆ. ಗಿಲಕಿ ಮಾಡಿದಷ್ಟೂ ಖರ್ಚಾಗುವ ಹಾಗಿದ್ದರೆ, ಲೇತ್ ಇನ್ನೊಂದು ಗಂಟೆ ಓಡಿದಾಗ ಹೆಚ್ಚುವರಿ ಬರುವುದು 100 ರೂಪಾಯಿ. ಓವರ್‌ಟೈಮಿಗೆ ಗಂಟೆಗೆ 120 ಕೊಟ್ಟರೆ ನಷ್ಟ, 80 ಕೊಟ್ಟರೆ ಲಾಭ. ಇದಕ್ಕೆ ನೆರಳು ಬೆಲೆ ಎಂದು ಹೆಸರು. ನಾಳೆ ಮರಕ್ಕೆ ಅಭಾವ ಬಂದರೆ ಈ ಲೆಕ್ಕವೆಲ್ಲ ತಲೆಕೆಳಗಾಗಬಹುದು, ಆಗ ಕಿಲೋ ಮರಕ್ಕೆ ಭಾಗಿಸಿ ಮತ್ತೆ ನೋಡಬೇಕು. ಈ ಶಾಸ್ತ್ರ ಶುರುವಾದದ್ದೂ ಮರದಿಂದಲೇ. 1930ರ ದಶಕದ ಕೊನೆಯಲ್ಲಿ ಲೆನಿನ್‌ಗ್ರಾಡಿನ ಪ್ಲೈವುಡ್ ಕಾರ್ಖಾನೆಯವರು ಯಾವ ಮರವನ್ನು ಯಾವ ಯಂತ್ರಕ್ಕೆ ಎಷ್ಟು ಹೊತ್ತು ಹಾಕಬೇಕು ಎಂದು ಕೇಳಿದ್ದಕ್ಕೆ ಕಾಂತರೋವಿಚ್ ಎಂಬ ಗಣಿತಜ್ಞ ಉತ್ತರ ಹುಡುಕಿದ. 1975ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಅವನಿಗೆ ಸಿಕ್ಕಿದ್ದು ಆ ದಾರಿಯ ಕೆಲಸಕ್ಕೇ.

ಇನ್ನು ಓದು. ನೀವು ತಪ್ಪಿಸಿಕೊಂಡ ಆ ದ್ವಿತೀಯ ಪಿಯುಸಿ ಸಂಖ್ಯಾಶಾಸ್ತ್ರ ಪುಸ್ತಕವನ್ನೇ ಕೊಳ್ಳಿ. ನಗಬೇಡಿ. ಕಾಲಶ್ರೇಣಿ, ಸಂಭಾವ್ಯತೆಯ ವಿತರಣೆಗಳು, ಅನುಮಾನ (ಇನ್ಫರೆನ್ಸ್), ಗುಣಮಟ್ಟ ನಿಯಂತ್ರಣ, ಕೊನೆಯಲ್ಲಿ ಆಪರೇಷನ್ಸ್ ರಿಸರ್ಚ್ ಎಲ್ಲ ಅದರಲ್ಲಿದೆ. ಮೇಲಿನ ಗಿಲಕಿಯ ಲೆಕ್ಕವನ್ನು ಗ್ರಾಫ್ ಹಾಳೆಯಲ್ಲಿ ಬಿಡಿಸುವುದೂ ಇದೆ, ಸರಕು ಎಷ್ಟು ದಾಸ್ತಾನು ಇಡಬೇಕು ಎಂಬುದೂ ಇದೆ. 1 ಲಕ್ಷ 80 ಸಾವಿರದ ಕೋರ್ಸಿನ ಪಟ್ಟಿಯಲ್ಲಿ ಇರುವುದರ ಅರ್ಧ ಭಾಗ ನಮ್ಮ ಪಿಯು ಹುಡುಗರು ಮಾರ್ಚಿನಲ್ಲಿ ಪರೀಕ್ಷೆ ಬರೆದು ಮರೆಯುತ್ತಾರೆ. ಬಿಡಿಸಲು ಲಿಬ್ರೆ ಆಫೀಸ್ ಸಾಕು; ಅದರ ಕ್ಯಾಲ್ಕ್‌ನಲ್ಲಿ ಸಾಲ್ವರ್ ಎಂಬ ಸಾಧನವಿದೆ, ಕಟ್ಟುಪಾಡು ಬರೆದುಕೊಟ್ಟರೆ ಉತ್ತರ ಅದೇ ಹುಡುಕುತ್ತದೆ, ಕಾಸಿಲ್ಲ. ಪುಸ್ತಕದಲ್ಲಿ ಎಲ್ಲಾದರೂ ಸಿಕ್ಕಿಬಿದ್ದರೆ ಎನ್‌ಪಿಟಿಇಎಲ್‌ನಲ್ಲಿ ಐಐಟಿ ಮತ್ತು ಐಐಎಸ್‌ಸಿ ಮೇಷ್ಟ್ರುಗಳ ಪಾಠ ಉಚಿತವಾಗಿ ಕೇಳಬಹುದು. ಇಂಗ್ಲಿಷಿನಲ್ಲಿ ನಡೆಯುತ್ತದೆ, ವೇಗ ತಗ್ಗಿಸಿಕೊಂಡು ಕೇಳಿ.

ಬೆಲೆ ಏರುತ್ತದೋ ಇಳಿಯುತ್ತದೋ ಮೊದಲೇ ಹೇಳುತ್ತೇವೆ ಎಂದರಂತೆ. ಆ ಒಂದು ಮಾತಿಗೇ ನಾನು ಆ ಬಾಗಿಲಿಂದ ಎದ್ದು ಬರುತ್ತಿದ್ದೆ. ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ 1945ರಲ್ಲಿ, ಇನ್ನೂ 25 ತುಂಬಿರಲಿಲ್ಲವೋ ಏನೋ, ಒಂದು ಲೇಖನ ಬರೆದರು. ಕೈಯಲ್ಲಿರುವ ಮಾಹಿತಿಯಿಂದ ಮಾಡುವ ಅಂದಾಜು ಎಷ್ಟು ನಿಖರವಾಗಬಹುದು ಎಂಬುದಕ್ಕೆ ಒಂದು ಗಡಿ ಇದೆ, ಎಂಥ ಜಾಣತನದ ಸೂತ್ರವೂ ಆ ಗಡಿ ದಾಟಲಾರದು ಎಂಬುದು ಅದರ ಒಂದು ಸಾರ. ಜಗತ್ತಿನ ಸಂಖ್ಯಾಶಾಸ್ತ್ರ ವಿದ್ಯಾರ್ಥಿಗಳೆಲ್ಲ ಇವತ್ತು ಅದನ್ನು ರಾವ್ ಹೆಸರು ಸೇರಿಸಿಯೇ ಓದುತ್ತಾರೆ. 2023ರಲ್ಲಿ, ನೂರೆರಡನೇ ವಯಸ್ಸಿನಲ್ಲಿ, ಅವರಿಗೆ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು. ಅದೇ ಆಗಸ್ಟಿನಲ್ಲಿ ತೀರಿಕೊಂಡರು. ಅವರು ದಶಕಗಟ್ಟಲೆ ದುಡಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಬೆಂಗಳೂರು ಕೇಂದ್ರ ಮೈಸೂರು ರಸ್ತೆಯಲ್ಲಿದೆ. ರಾಮನಗರದಿಂದ ಬೆಂಗಳೂರಿಗೆ ಹೋಗುವಾಗ ಅದರ ಮುಂದೆಯೇ ಹಾದುಹೋಗಿರುತ್ತೀರಿ.

ಪತ್ರದಲ್ಲಿ ಬರೆಯದೆ ಬಿಟ್ಟ ಒಂದು ಮಾತು ನನಗೆ ಕೇಳಿಸಿತು, ತಪ್ಪಿದ್ದರೆ ಕ್ಷಮಿಸಿ. ಘಟಕ ಬಿಟ್ಟು ಬೆಂಗಳೂರಿನಲ್ಲಿ ಕೆಲಸ ಹಿಡಿಯಬೇಕು ಎಂಬ ಆಸೆಯೇನಾದರೂ ಇದೆಯೇ? ಇದ್ದರೆ ಅದು ತಪ್ಪಲ್ಲ, ಆದರೆ ಅದನ್ನು ‘ಅಪ್ಪನ ವ್ಯಾಪಾರಕ್ಕಾಗಿ’ ಎಂಬ ಹೆಸರಿನಲ್ಲಿ ಕೊಳ್ಳಬೇಡಿ. ಕೆಲಸಕ್ಕಾಗಿಯೇ ಓದುವುದಾದರೆ ಗುರುತಿಲ್ಲದ ಸಂಸ್ಥೆಯ ಸರ್ಟಿಫಿಕೇಟಿಗಿಂತ ಐಐಟಿ ಮದ್ರಾಸ್ ಮನೆಯಿಂದಲೇ ಓದಿಸುವ ಡೇಟಾ ಸೈನ್ಸ್ ಪದವಿಯ ಬಗ್ಗೆ ವಿಚಾರಿಸಿ. ಹತ್ತನೇ ತರಗತಿಯಲ್ಲಿ ಗಣಿತ ಓದಿದ್ದರೆ ಅರ್ಜಿ ಹಾಕಬಹುದು, ಮೊದಲು ನಾಲ್ಕು ವಾರ ಪಾಠ ಕೊಟ್ಟು ಅರ್ಹತಾ ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ಪಾಸಾದರೆ ನಿಮ್ಮ 41 ಅಂಕದ ಭಯಕ್ಕೂ ಒಂದು ಉತ್ತರ ಸಿಕ್ಕಿದಂತೆ.

ಅಪ್ಪನ ಜೊತೆ ಹೇಗೆ ಮಾತಾಡುವುದು? ಪುಸ್ತಕ ತೋರಿಸಿ ‘ನಿಮ್ಮ ಅಂದಾಜು ಸರಿಯಿಲ್ಲ’ ಎಂದು ಮಾತ್ರ ಹೇಳಬೇಡಿ. ಮಾರ್ಕೆಟ್ಟಿಗೆ ಜೊತೆಯಲ್ಲಿ ಹೋಗಿ, ಹಿಡಿ ಎತ್ತಿದ ಕೂಡಲೇ ‘ಎಷ್ಟು ಬರುತ್ತಪ್ಪ?’ ಎಂದು ಕೇಳಿ, ಅವರ ಮುಂದೆಯೇ ಬರೆದುಕೊಳ್ಳಿ. ನಿಮ್ಮದೂ ಒಂದು ಅಂದಾಜು ಪಕ್ಕದಲ್ಲಿ ಬರೆಯಿರಿ. ಮೊದಲ ತಿಂಗಳು ಅವರೇ ಗೆಲ್ಲುತ್ತಾರೆ, ಗೆಲ್ಲಲಿ. ಕೈಗೆ ಗೂಡು ಹೇಗೆ ಮಾತಾಡುತ್ತದೆ ಎಂದು ನಿಮಗೆ ಹೇಳಿಕೊಡಲು ಅವರಿಗೆ ಅದಕ್ಕಿಂತ ಒಳ್ಳೆಯ ನೆಪ ಸಿಗದು, ಆ ವಿದ್ಯೆ ಯಾವ ಸಂಸ್ಥೆಯ ಪಟ್ಟಿಯಲ್ಲೂ ಇಲ್ಲ. ಮೂವತ್ತು ಸಾಲು ತುಂಬಿದ ಮೇಲೆ ಅವರ ಅಂದಾಜು ಸರಿಹೋದ ಲಾಟುಗಳನ್ನು ಮೊದಲು ಓದಿ ಹೇಳಿ. ತಪ್ಪಿದ ಲಾಟುಗಳನ್ನು ಅವರೇ ಕೇಳುತ್ತಾರೆ.

20ನೇ ತಾರೀಖಿನವರೆಗೆ ಕಾಯಬೇಡಿ. ಈ ವಾರವೇ ಬೆಂಗಳೂರಿಗೆ ಹೋಗಿ ಆ 5,000 ವಾಪಸ್ ತನ್ನಿ. ಕೋರ್ಸ್ ಬೇಡ ಎಂದು ಬರವಣಿಗೆಯಲ್ಲಿ ಕೊಟ್ಟು, ಸಹಿ ಹಾಕಿದ ಪ್ರತಿ ಇಟ್ಟುಕೊಳ್ಳಿ. ದುಡ್ಡು ಕಟ್ಟಿದ ರಸೀದಿಯನ್ನು ಮನೆಯಲ್ಲಿ ಮರೆಯಬೇಡಿ.